ಮಳೆಗೊಂದು ರೆಕ್ಕೆ, ಬೇಸಿಗೆಗೊಂದು ರೆಕ್ಕೆ

ವಿರಾಜಪೇಟೆ ಹತ್ತಿರದ ನಮ್ಮ ಕಾಫಿ ತೋಟದಲ್ಲಿ ಚಿಟ್ಟೆಗಳ ಫೋಟೊ ತೆಗೆಯಲು ಶುರುಮಾಡಿದ ಮೊದಲ ವರ್ಷ ಒಂದೇ ಜಾತಿಯ ಚಿಟ್ಟೆಯನ್ನು ಎರಡು ಜಾತಿಯೆಂದು ಬರೆದಿಟ್ಟಿದ್ದೆ. ಜುಲೈನಲ್ಲಿ ಸಿಕ್ಕಿದ್ದರ ರೆಕ್ಕೆಯ ಅಡಿಭಾಗದಲ್ಲಿ ಹಳದಿ ಉಂಗುರದೊಳಗೆ ಕಪ್ಪು ಕಣ್ಣಿನಂಥ ಚುಕ್ಕಿಗಳ ಸಾಲು. ಫೆಬ್ರವರಿಯದಕ್ಕೆ ಕಣ್ಣೇ ಇಲ್ಲ, ಬರೀ ತರಗೆಲೆ. ಅದನ್ನು ಮೊದಲು ಕಂಡದ್ದೂ ನಾನಲ್ಲ. ಕಾಫಿ ಕೊಯ್ಯುತ್ತಿದ್ದ ಅಕ್ಕ, "ಅಣ್ಣ, ಎಲೆ ಹಾರಿ ಕೂತ್ಕೊಳ್ತು ನೋಡಿ" ಅಂದರು.

ಎರಡೂ ಕಾಮನ್ ಈವನಿಂಗ್ ಬ್ರೌನ್ ಎಂಬ ಚಿಟ್ಟೆಯೇ. ಮರಿಹುಳುವಾಗಿದ್ದಾಗ ಹವೆಯಲ್ಲಿದ್ದ ಶಾಖ, ತೇವ ನೋಡಿಕೊಂಡು ರೆಕ್ಕೆಯ ಚಿತ್ತಾರ ತೀರ್ಮಾನವಾಗುತ್ತದೆ. ಹಸಿರು ತುಂಬಿದ ಮಳೆಗಾಲದಲ್ಲಿ ಹಕ್ಕಿ, ಓತಿಕ್ಯಾತ ಆ ಕಣ್ಣಿಗೆ ಬಾಯಿ ಹಾಕಿದರೆ ರೆಕ್ಕೆಯ ಅಂಚು ಹೋಗುತ್ತದೆ, ತಲೆ ಉಳಿಯುತ್ತದೆ. ನನ್ನಲ್ಲಿರುವ ಒಂದು ಫೋಟೊದಲ್ಲಿ ಹಿಂರೆಕ್ಕೆಯ ಕಣ್ಣಿದ್ದ ಜಾಗ ಕತ್ತರಿಸಿದ ಹಾಗೆ ಮೂರು ಮೂಲೆಯಾಗಿ ಕಿತ್ತುಹೋಗಿದೆ, ಚಿಟ್ಟೆ ಮಾತ್ರ ಆರಾಮವಾಗಿ ಕೊಳೆತ ಹಲಸಿನ ತೊಳೆ ಹೀರುತ್ತಿದೆ. ಆ ಫೋಟೊ ನನಗೆ ತುಂಬ ಇಷ್ಟ. ಬೇಸಿಗೆಯಲ್ಲಿ ಹಸಿರು ಬತ್ತಿದ ಮೇಲೆ ಕಣ್ಣು ಎದ್ದು ಕಂಡರೆ ಅಪಾಯ, ಅಲ್ಲಾಡದೆ ಎಲೆಯಾಗಿರುವುದೇ ವಾಸಿ. ಮುಂರೆಕ್ಕೆಯ ತುದಿ ಕೂಡ ಆಗ ಹೆಚ್ಚು ಕೊಕ್ಕೆಯಾಗುತ್ತದೆ.

ಇದು ಹೂವಿಗೆ ಅಷ್ಟಾಗಿ ಬರುವುದಲ್ಲ. ಹಲಸಿಲ್ಲದ ತಿಂಗಳಲ್ಲಿ ಕಳಿತ ಬಾಳೆಹಣ್ಣು ಹಿಸುಕಿ ಕಾಫಿ ಗಿಡದ ಬುಡದಲ್ಲಿಡುತ್ತೇನೆ, ಮುಸ್ಸಂಜೆಗೆ ಬರುತ್ತವೆ. ಹಗಲಲ್ಲಾದರೆ ತರಗೆಲೆ ಮೇಲೆ ನಿಧಾನ ನಡೆಯಬೇಕು. ಕಾಲಡಿಯಿಂದ ಎದ್ದದ್ದು ನಾಲ್ಕು ಮಾರು ದೂರದಲ್ಲೇ ಮತ್ತೆ ಕೂರುತ್ತದೆ. ಕೂತ ಜಾಗದಿಂದ ಕಣ್ಣು ತೆಗೆಯಬಾರದು, ತೆಗೆದರೆ ಮತ್ತೆ ಕಾಣುವುದಿಲ್ಲ. ಮೊಣಕಾಲೂರಿ, ಮಡಚಿದ ರೆಕ್ಕೆಗೆ ಲೆನ್ಸು ನೇರ ಎದುರಾಗುವಂತೆ ಹಿಡಿಯುತ್ತೇನೆ. ಓರೆಯಾದರೆ ಅರ್ಧ ರೆಕ್ಕೆ ಮಸುಕು. ನೆರಳು ದಟ್ಟವಾದ್ದರಿಂದ ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ (ಐಎಸ್‌ಒ) 800, ರೆಕ್ಕೆಯೆಲ್ಲ ಸ್ಪಷ್ಟವಾಗಿ ಬರಲು ಲೆನ್ಸಿನ ಕಿಂಡಿ ಎಫ್ 8. ಫ್ಲ್ಯಾಶ್ ಹಾಕುವುದಿಲ್ಲ, ತರಗೆಲೆಯ ಬಣ್ಣವೇ ಸತ್ತುಹೋಗುತ್ತದೆ.

ಮರಿಹುಳು ತಿನ್ನುವುದು ಹುಲ್ಲು, ಭತ್ತದ ಎಲೆ. ಅದಕ್ಕೇ ಬೇಲಿಯಂಚಿನ ಹುಲ್ಲನ್ನು ಪೂರ್ತಿ ಹೊಡೆಸುವುದನ್ನು ಬಿಟ್ಟಿದ್ದೇನೆ. ಕಳೆನಾಶಕವಂತೂ ಇಲ್ಲವೇ ಇಲ್ಲ.

ಈಗ ಪ್ರತಿ ಫೋಟೊದ ಜೊತೆ ದಿನಾಂಕ, ಹೊತ್ತು, ಮಳೆ ಬಂದಿತ್ತೋ ಇಲ್ಲವೋ ಬರೆಯುತ್ತೇನೆ. ಹೆಸರು ಆಮೇಲೂ ಹುಡುಕಬಹುದು, ಅಂದಿನ ಮಳೆ ನೆನಪಿರುವುದಿಲ್ಲ. ಕಳೆದ ನವೆಂಬರಿನಲ್ಲಿ ಮನೆ ಹಿಂದಿನ ಬಾಳೆ ಬುಡದಲ್ಲಿ ಒಂದು ಕೂತಿತ್ತು. ಮೈಯೆಲ್ಲ ಒಣ ಎಲೆ, ಕಣ್ಣುಗಳ ಜಾಗದಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕಿಗಳು ಮಾತ್ರ ಉಳಿದಿದ್ದವು.