ರ‍್ಯಾಮ್ ಮೇಲಿನ 3200 ನಿಮ್ಮ ಲ್ಯಾಪ್‌ಟಾಪಿಗೆ ಸಿಗುತ್ತದೆಯೇ?

ಹೊಸ ರ‍್ಯಾಮ್ ಕೊಳ್ಳುವ ಮೊದಲು ಹಳೆಯದರ ಸ್ಟಿಕ್ಕರ್ ಓದಿ. ‘8ಜಿಬಿ 1ಆರ್‌ಎಕ್ಸ್8 ಪಿಸಿ4-3200ಎಎ’ ಎಂಬಂಥ ಸಾಲು ಇರುತ್ತದೆ. ಪಿಸಿ4 ಅಂದರೆ ಡಿಡಿಆರ್4, ಮೆಮೊರಿಯ ಒಂದು ಪೀಳಿಗೆ. 3200 ಅಂದರೆ ಸೆಕೆಂಡಿಗೆ 320 ಕೋಟಿ ಸಲ ಡೇಟಾ ಸಾಗಿಸಬಲ್ಲದು ಎಂದರ್ಥ. ಪಿಸಿ4-25600 ಎಂದಿದ್ದರೂ ಅದೇ ವೇಗ. 8ರಿಂದ ಭಾಗಿಸಿ ನೋಡಿ. ಸಿಪಿಯು-ಝಡ್ ತಂತ್ರಾಂಶದ ಮೆಮೊರಿ ಪುಟ ಸುಮಾರು 1600 ಮೆಗಾಹರ್ಟ್ಸ್ ತೋರಿಸಿದರೆ ಮೋಸ ಹೋದೆವೆಂದುಕೊಳ್ಳಬೇಡಿ. ಗಡಿಯಾರದ ಪ್ರತಿ ಬಡಿತಕ್ಕೆ ಡಿಡಿಆರ್ ಎರಡು ಸಲ ಡೇಟಾ ಸಾಗಿಸುವುದರಿಂದ ಅದು ಅರ್ಧ ಕಾಣುತ್ತದೆ.

ಸ್ಟಿಕ್ಕರಿನ ಅಂಕಿ ಮೇಲ್ಮಿತಿ ಮಾತ್ರ. ಪ್ರೊಸೆಸರ್ ಮತ್ತು ಪಕ್ಕದ ಸ್ಲಾಟಿನ ರ‍್ಯಾಮ್ ಕೂಡ ಒಪ್ಪಬೇಕು. ಇಂಟೆಲ್ ಐ5-8250ಯು ಡಿಡಿಆರ್4ನಲ್ಲಿ 2400ರವರೆಗೆ ಮಾತ್ರ ಹೋಗುತ್ತದೆ. 3200ರ ರ‍್ಯಾಮ್ ಹಾಕಿದರೂ ಅದು 2400ರಲ್ಲೇ ಓಡುತ್ತದೆ. 2666 ಮತ್ತು 3200 ಒಟ್ಟಿಗೆ ಹಾಕಿದರೆ ಎರಡೂ 2666ಕ್ಕೆ ಇಳಿಯುತ್ತವೆ. ಜೋಡೆತ್ತಿನ ಗಾಡಿ ನಿಧಾನದ ಎತ್ತಿನ ಹೆಜ್ಜೆಗೇ ಸಾಗುವುದು. ಹಾನಿಯೇನಿಲ್ಲ, ಆದರೆ ಹೆಚ್ಚು ಕೊಟ್ಟ ಹಣ ವ್ಯರ್ಥ.

ಗೇಮಿಂಗ್ ರ‍್ಯಾಮ್‌ಗಳಲ್ಲಿ ಇನ್ನೊಂದು ತೊಡಕಿದೆ. ಕೆಲವು, ತಯಾರಕರು ಅವುಗಳಲ್ಲೇ ತುಂಬಿಟ್ಟ ವೇಗದ ಸೆಟ್ಟಿಂಗ್ ಆದ ಎಕ್ಸ್‌ಎಂಪಿ ಆನ್ ಮಾಡಿದರೆ ಮಾತ್ರ ಜಾಹೀರಾತಿನ ವೇಗ ಕೊಡುತ್ತವೆ. ಬಹುತೇಕ ಲ್ಯಾಪ್‌ಟಾಪುಗಳ ಮೂಲ ಸೆಟ್ಟಿಂಗ್ ಪುಟವಾದ ಬಯಾಸ್‌ನಲ್ಲಿ ಆ ಆಯ್ಕೆಯೇ ಇರುವುದಿಲ್ಲ. ಜೆಡೆಕ್ (ಮೆಮೊರಿಯ ಮಾನದಂಡ ರೂಪಿಸುವ ಸಂಸ್ಥೆ) ಗುಣಮಟ್ಟದ 3200, ಸಿಎಲ್22 (ಕೇಳಿದ ಡೇಟಾ ಬರಲು ಗಡಿಯಾರದ 22 ಬಡಿತ), 1.2 ವೋಲ್ಟ್ ಎಂದಿರುವುದನ್ನೇ ಆರಿಸಿ. ಸಿಎಲ್22 ಕಂಡು ಹಿಂಜರಿಯಬೇಡಿ: ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ವಿಳಂಬ ನ್ಯಾನೋಸೆಕೆಂಡಿನಲ್ಲಿ ಸಿಗುತ್ತದೆ. 3200 ಸಿಎಲ್22ಕ್ಕೆ 13.75, 2400 ಸಿಎಲ್17ಕ್ಕೆ 14.2. ವ್ಯತ್ಯಾಸ ಅಷ್ಟೇ.

ನಿಜವಾದ ಲಾಭ ಇರುವುದು ವೇಗದ ಅಂಕಿಯಲ್ಲಲ್ಲ, ಎರಡು ರ‍್ಯಾಮ್ ಜೊತೆಯಾಗಿ ಡೇಟಾ ಸಾಗಿಸುವ ಡ್ಯುಯಲ್ ಚಾನೆಲ್‌ನಲ್ಲಿದೆ. 3200ರ ಒಂದೇ 16 ಜಿಬಿ ರ‍್ಯಾಮ್ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಸಾಗಿಸಿದರೆ, 2400ರ ಎರಡು 8 ಜಿಬಿ ಸೇರಿ 38.4 ಜಿಬಿ ಸಾಗಿಸುತ್ತವೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ, ಅದರಲ್ಲೂ ಆಟಗಳಲ್ಲಿ, ಇದು ಎದ್ದು ಕಾಣುತ್ತದೆ.

ಕೊಳ್ಳುವ ಮುನ್ನ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಮೆಮೊರಿ ಒತ್ತಿ. ಸ್ಪೀಡ್, ಸ್ಲಾಟ್ ಎರಡೂ ಅಲ್ಲಿವೆ. ಫಾರ್ಮ್ ಫ್ಯಾಕ್ಟರ್ ಎದುರು ‘ರೋ ಆಫ್ ಚಿಪ್ಸ್’ ಎಂದಿದ್ದರೆ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಖಾಲಿ ಸ್ಲಾಟ್ ಬೇರೆ ಇದೆಯೇ ಎಂದು ಮಾದರಿಯ ಕೈಪಿಡಿಯಲ್ಲಿ ನೋಡಿ. ಡಿಡಿಆರ್4ಕ್ಕೆ 260 ಪಿನ್, ಡಿಡಿಆರ್5ಕ್ಕೆ 262. ಕಚ್ಚಿನ ಜಾಗವೂ ಬೇರೆ, ಒಂದರ ಸ್ಲಾಟಿಗೆ ಇನ್ನೊಂದು ಕೂರದು.

ಹಾಕುವಾಗ ಚಾರ್ಜರ್ ತೆಗೆದು, ಬ್ಯಾಟರಿ ಕನೆಕ್ಟರ್ ಬಿಡಿಸಿ, ಯಾವುದಾದರೂ ಲೋಹ ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆಯಿರಿ. ರ‍್ಯಾಮನ್ನು ಸುಮಾರು 30 ಡಿಗ್ರಿ ಓರೆಯಾಗಿ, ಚಿನ್ನದ ಬಣ್ಣದ ಪಟ್ಟಿ ಬಹುತೇಕ ಮರೆಯಾಗುವವರೆಗೆ ತಳ್ಳಿ. ಆಮೇಲೆ ಕೆಳಗೆ ಒತ್ತಿದಾಗ ಎರಡೂ ಬದಿಯ ಕ್ಲಿಪ್ ಟಕ್ಕೆನ್ನಬೇಕು. ಪೂರ್ತಿ ತಳ್ಳದೆ ಒತ್ತಿಬಿಡುವುದೇ ಇಲ್ಲಿ ಆಗುವ ಸಾಮಾನ್ಯ ತಪ್ಪು.

ಮೊದಲ ಸಲ ಆನ್ ಮಾಡಿದಾಗ ಪರದೆ ಸ್ವಲ್ಪ ಹೊತ್ತು ಕಪ್ಪಾಗಿಯೇ ಇರಬಹುದು, ಡಿಡಿಆರ್5ರಲ್ಲಂತೂ ಇನ್ನೂ ಹೆಚ್ಚು ಹೊತ್ತು. ಆಗ ಮೆಮೊರಿ ತರಬೇತಿ, ಅಂದರೆ ಹೊಸ ಮೆಮೊರಿಗೆ ತಕ್ಕ ಹೊಂದಾಣಿಕೆ, ನಡೆಯುತ್ತಿರುತ್ತದೆ, ಮಧ್ಯೆ ಆಫ್ ಮಾಡಬೇಡಿ. ಹಲವು ನಿಮಿಷವಾದರೂ ಏನೂ ಬಾರದಿದ್ದರೆ ರ‍್ಯಾಮ್ ತೆಗೆದು ಮತ್ತೆ ಕೂರಿಸಿ; ಬಳಿಕ ಒಂದೊಂದನ್ನೇ ಹಾಕಿ ನೋಡಿ. ಆನ್ ಆದಮೇಲೆ ಟಾಸ್ಕ್ ಮ್ಯಾನೇಜರಿನಲ್ಲಿ ವೇಗ ನೋಡಿಕೊಂಡು, ರಾತ್ರಿ ಮೆಮೊರಿ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್86 ಓಡಲು ಬಿಡಿ. ಒಂದೇ ಒಂದು ದೋಷ ಕಂಡರೂ, ಮತ್ತೆ ಕೂರಿಸಿದ ಮೇಲೂ ಅದು ಹೋಗದಿದ್ದರೆ, ರ‍್ಯಾಮನ್ನು ಬದಲಿಸಿಕೊಳ್ಳಿ.