ತಲೆಯೊಳಗಿನ ಕೋರ್ಟು

ಅಪ್ಪ ತೀರಿಕೊಂಡ ಮೇಲೆ ಮನೆ ಪಾಲಾಗುವಾಗ ಅಣ್ಣನಿಗೂ ನನಗೂ ಮಾತು ನಿಂತಿತು. ಅಲ್ಲಿಂದ ಮೂರು ವರ್ಷ ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಅವನ ಜೊತೆ ಮನಸ್ಸಿನಲ್ಲೇ ಜಗಳ. ನೊರೆ ಗದ್ದಕ್ಕಿಳಿದರೂ ಗೊತ್ತಾಗುತ್ತಿರಲಿಲ್ಲ. ಅವನ ಬಾಯಿ ಮುಚ್ಚಿಸುವ ಒಂದು ಮಾತು ಹುಡುಕುತ್ತಿರುತ್ತಿದ್ದೆ. ಹಾಗಂತ ಭಾನುವಾರದ ಆರಾಧನೆ, ವರ್ಷಕ್ಕೊಮ್ಮೆ ಸತ್ಯವೇದ (ಬೈಬಲ್) ಓದಿ ಮುಗಿಸುವುದು ಯಾವುದೂ ತಪ್ಪಿರಲಿಲ್ಲ.

ಅದರಲ್ಲಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 12:2ರಲ್ಲಿ ಹೊಂದಿಕೊಳ್ಳಿ ಎನ್ನುವ ‘ನೂತನಮನಸ್ಸು’ ಅಂದರೆ ಇನ್ನಷ್ಟು ಓದುವುದು ಅಂದುಕೊಂಡೆ. ಓದಿದೆ. ಜಗಳಕ್ಕೆ ವಚನಗಳೂ ಸಿಕ್ಕವು, ಅಷ್ಟೇ.

ದಾರಿ ಕಂಡಿದ್ದು ಪೌಲನದೇ ಇನ್ನೊಂದು ಪತ್ರ, ಫಿಲಿಪ್ಪಿಯವರಿಗೆ 4:8ರಲ್ಲಿ. ಯಾವುದನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕೆಂದು ಸೆರೆಯಲ್ಲಿದ್ದ ಪೌಲ ಪಟ್ಟಿ ಕೊಡುತ್ತಾನೆ. ಮೊದಲನೆಯದೇ ‘ಸತ್ಯ’, ಪ್ರೀತಿಕರ, ಮನೋಹರ ಎಲ್ಲ ಆಮೇಲೆ. ಅಣ್ಣನ ಬಗ್ಗೆ ಮನೋಹರವಾದದ್ದು ಯೋಚಿಸುವುದು ನನ್ನಿಂದಾಗದ ಕೆಲಸ. ಸತ್ಯವಾದರೆ ನೋಡಬಹುದಿತ್ತು. ನೋಟುಬುಕ್ಕಿನ ಎಡಕ್ಕೆ ದಿನಾ ನನ್ನ ತಲೆಯಲ್ಲಿ ಅವನು ಆಡುವ ಮಾತು ಬರೆದೆ, ಬಲಕ್ಕೆ ಅವನು ನಿಜಕ್ಕೂ ಆಡಿದ್ದು. ಎಡಗಡೆ ಪುಟ ತುಂಬಿತು. ಬಲಗಡೆ ಎರಡೇ ಸಾಲು: ‘ಹಿತ್ತಲ ನನಗಿರಲಿ. ಅವ್ವನ್ನ ನಾನ ನೋಡ್ಕೊಂಡೀನಲ್ಲ.’ ಎರಡನೆಯದು ಸುಳ್ಳಲ್ಲ. ಇಷ್ಟು ವರ್ಷ ಎರಡೂ ಕಡೆಯ ವಕೀಲ ನಾನೇ ಆಗಿದ್ದೆ.

ಆಮೇಲೆ ಜಗಳ ಶುರುವಾದ ಕೂಡಲೇ ‘ಇದು ಎಡಗಡೆಯದೋ ಬಲಗಡೆಯದೋ’ ಅಂತ ಕೇಳಿಕೊಳ್ಳುತ್ತಿದ್ದೆ. ಎಡಗಡೆಯದಾದರೆ ಸತ್ಯವೇದದ 103ನೆಯ ಕೀರ್ತನೆ ಹೇಳಿಕೊಳ್ಳುವುದು. ಅದರ 22 ವಚನಗಳನ್ನು ಧಾರವಾಡ–ಹುಬ್ಬಳ್ಳಿ ಬಸ್ಸಿನಲ್ಲಿ ದಿನಕ್ಕೊಂದರಂತೆ ಬಾಯಿಪಾಠ ಮಾಡಿದ್ದೆ. ಮನಸ್ಸು ಖಾಲಿ ಬಿಟ್ಟರೆ ಅಣ್ಣ ವಾಪಸ್ ಬಂದು ಕೂರುತ್ತಿದ್ದ. ಪ್ರಾರ್ಥನೆಯೂ ಗಿಡ್ಡವಾಯಿತು: ‘ಸ್ವಾಮಿ, ಇವತ್ತು ಅವನ ಬಾಯಿಗೆ ನನ್ನ ಮಾತು ತುರುಕದ ಹಾಗೆ ನೋಡಿಕೋ.’ ಎಷ್ಟೋ ದಿನ ತುರುಕಿದ್ದೇನೆ.

ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುವವನು. ‘ಲಕ್ಷ್ಯಕ್ಕೆ ತಂದುಕೊಳ್ಳಿರಿ’ ಎಂಬಲ್ಲಿ ಮೂಲ ಗ್ರೀಕಿನಲ್ಲಿರುವುದು ಲೆಕ್ಕ ಹಿಡಿಯುವ ಪದ, ಪೌಲನೇ ಬೇರೆ ಪತ್ರದಲ್ಲಿ ಪ್ರೀತಿ ಅಪಕಾರವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದಿಲ್ಲ ಎನ್ನುವಲ್ಲೂ ಅದೇ ಪದ ಅಂತ ನಮ್ಮ ಸಭೆಯ ಅಯ್ಯನವರು (ಪಾಸ್ಟರ್) ಹೇಳಿದಾಗ ನಕ್ಕುಬಿಟ್ಟೆ. ಮನೆಯಲ್ಲೂ ಅದೇ ನೌಕರಿ ಮಾಡುತ್ತಿದ್ದೆನಲ್ಲ!

ಎಂಟು ತಿಂಗಳ ಮೇಲೆ ಒಂದು ದಿನ, ಬಾಯಿ ಮುಕ್ಕಳಿಸಿ ಹೊರಗೆ ಬಂದಾಗ ಹೊಳೆಯಿತು: ಇವತ್ತು ಅಣ್ಣ ಬರಲಿಲ್ಲ.

ಹಿತ್ತಲಿನ ವ್ಯಾಜ್ಯ ಇನ್ನೂ ಬಗೆಹರಿದಿಲ್ಲ. ಕ್ರಿಸ್ಮಸ್‌ಗೆ ಫೋನ್ ಮಾಡಿ, ‘ಅವ್ವ ಹೆಂಗದಾಳಣ್ಣಾ?’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ‘ನೀನ ಕೇಳು’ ಅಂತ ಅವಳ ಕೈಗೆ ಕೊಟ್ಟ.