ಗೋಡೆಯ ಪಸೆ: ಆಟಿಯಲ್ಲಿ ಗುರುತು ಹಾಕಿ, ಬೇಸಿಗೆಯಲ್ಲಿ ಮದ್ದು ಮಾಡಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಮ್ಮ ಮನೆಯ ಚಾವಡಿ ಗೋಡೆಗೆ ನಾಲ್ಕು ವರ್ಷದಲ್ಲಿ ಮೂರು ಸಲ ಪೈಂಟ್ ಹೊಡೆಸಿದೆವು. ಮೂರು ಸಲವೂ ಮಳೆಗಾಲ ಮುಗಿಯುವುದರೊಳಗೆ ಅದು ಹಪ್ಪಳದ ಹಾಗೆ ಉಬ್ಬಿ ಉದುರಿತು. ಮೂರನೆಯ ಸಲ ಹಾಕಿದ್ದು ನೀರು ತಡೆಯುತ್ತದೆ ಎಂದು ಹೇಳಿ ಮಾರುವ ದುಬಾರಿ ಪೈಂಟ್. ಆ ವರ್ಷ ಎರಡು ಅಡಿಯಲ್ಲಿದ್ದ ಪಸೆ ಮೂರೂವರೆ ಅಡಿಗೆ ಏರಿತು. ಕಾರಣ ಕೊನೆಗೆ ಸಿಕ್ಕಿದ್ದು ಅಂಗಳದಲ್ಲಿ. ಅಡಿಕೆ ಒಣಗಿಸಲು ಅನುಕೂಲ ಅಂತ ಇಂಟರ್‌ಲಾಕ್ ಹಾಕಿಸಿದಾಗ ಅಂಗಳ ಆರು ಇಂಚು ಎತ್ತರವಾಗಿತ್ತು. ಅಷ್ಟು ಗೋಡೆ ಮಣ್ಣಿನೊಳಗೆ ಹೋಗಿ ಕೂತಿತ್ತು.

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಮ್ಮ ಮನೆಗಳು ಕೆಂಪುಕಲ್ಲಿನವು. ಇದನ್ನೇ ಮುರಕಲ್ಲು ಅಂತಲೂ ಹೇಳುತ್ತೇವೆ. ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂನಲ್ಲಿ ಕಂಡ ಈ ಕಲ್ಲಿಗೆ 1807ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಪದದಿಂದ ಬಂದ ಹೆಸರು ಅದು. ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು. ಬೇಕಲ ಕೋಟೆಯೇ ಇದರಲ್ಲಿ ನಿಂತಿದೆ. ಆದರೆ ಈ ಕಲ್ಲಿನ ತುಂಬ ತೂತು. ನೀರು ಕುಡಿಯುವುದು ಅದರ ಗುಣ. ಕುಡಿದದ್ದನ್ನು ಹೊರಗೆ ಬಿಡಲು ಅದಕ್ಕೆ ದಾರಿ ಇದೆಯೇ ಎಂಬುದನ್ನು ನಾವು ನೋಡಬೇಕು.

ನೀರು ಏರುವುದು ಹೇಗೆ?

ಬಾಲ್ದಿಯ ನೀರಿಗೆ ಬೈರಾಸಿನ (ಟವೆಲಿನ) ತುದಿ ಇಳಿಬಿಟ್ಟು ಅರ್ಧ ಗಂಟೆ ಬಿಟ್ಟು ನೋಡಿ. ನೀರು ತಾನಾಗಿ ಮೇಲೆ ಹತ್ತಿರುತ್ತದೆ. ಗೋಡೆಯ ಸಣ್ಣ ರಂಧ್ರಗಳಲ್ಲಿ ನಡೆಯುವುದೂ ಇದೇ. 0.2 ಮಿಲಿಮೀಟರ್ ಅಗಲದ ಕೊಳವೆಯಲ್ಲಿ ನೀರು ಸುಮಾರು 15 ಸೆಂಟಿಮೀಟರ್ ಏರುತ್ತದೆ. ರಂಧ್ರ ಸಣ್ಣದಾದಷ್ಟೂ ಏರುವ ಎತ್ತರ ಜಾಸ್ತಿ. ಆದರೆ ಏರುವ ದಾರಿಯಲ್ಲೇ ಗೋಡೆಯ ಮೈಯಿಂದ ನೀರು ಆರುತ್ತಲೂ ಇರುತ್ತದೆ. ಏರುವುದೂ ಆರುವುದೂ ಸಮವಾದಲ್ಲಿ ಪಸೆ ನಿಲ್ಲುತ್ತದೆ. ಸಾಮಾನ್ಯವಾಗಿ ಅದು ಮೂರಡಿಯ ಆಸುಪಾಸು. ಗೋಡೆಗೆ ಪ್ಲಾಸ್ಟಿಕ್‌ನಂಥ ಪೈಂಟ್ ಬಳಿದರೆ ಅಥವಾ ಮೂರಡಿ ಟೈಲ್ಸ್ ಅಂಟಿಸಿದರೆ ಆರುವ ದಾರಿ ಮುಚ್ಚುತ್ತದೆ. ಆಗ ನೀರು ದಾರಿ ಹುಡುಕಿಕೊಂಡು ಇನ್ನೂ ಮೇಲೆ ಹೋಗುತ್ತದೆ. ನಮ್ಮ ಚಾವಡಿಯಲ್ಲಿ ಆದದ್ದು ಇದು.

ನೀರಿನ ಜೊತೆ ಮಣ್ಣಿನ ಉಪ್ಪೂ ಏರುತ್ತದೆ. ನೀರು ಆರಿ ಹೋಗುತ್ತದೆ, ಉಪ್ಪು ಸಾರಣೆಯಲ್ಲಿ, ಅಂದರೆ ಗೋಡೆಗೆ ಮೆತ್ತಿದ ಗಾರೆಯಲ್ಲಿ, ಉಳಿಯುತ್ತದೆ. ಬೇಸಿಗೆಯಲ್ಲಿ ಗೋಡೆಯ ಮೇಲೆ ಕಾಣುವ ಬಿಳಿ ಹುಡಿ ಅದೇ. ಈ ಉಪ್ಪುಗಳಲ್ಲಿ ಕೆಲವು ಗಾಳಿಯಿಂದಲೇ ನೀರು ಎಳೆಯುತ್ತವೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ಒದ್ದೆಯಾಗುವುದನ್ನು ನೋಡಿದ್ದೀರಲ್ವಾ? ಹಾಗೆಯೇ ಇದು. ನೆಲದ ನೀರು ನಿಂತ ಮೇಲೂ ಹಳೆಯ ಸಾರಣೆ ಒದ್ದೆಯಾಗುತ್ತಲೇ ಇರುವುದಕ್ಕೆ ಇದೇ ಕಾರಣ.

ಆಟಿಯಲ್ಲಿ: ನೋಡುವ ಕೆಲಸ

ಗೋಡೆಯ ಕಾಯಿಲೆ ಗುರುತಿಸಲು ಒಳ್ಳೆಯ ಕಾಲ ಜುಲೈ, ಆಗಸ್ಟ್ ನಡುವೆ ಬರುವ ತುಳು ತಿಂಗಳು ಆಟಿ. ಒದ್ದೆ ಕಂಡ ಕೂಡಲೇ ನೆಲದಿಂದ ಏರಿದ್ದು ಎಂದು ತೀರ್ಮಾನ ಮಾಡಬೇಡಿ. ನನಗೆ ಕಂಡ ಮಟ್ಟಿಗೆ ನಮ್ಮ ಕಡೆ ಮಾಡಿನ (ಸೂರಿನ) ನೀರು ನೆಲಕ್ಕೆ ಬಿದ್ದು ಗೋಡೆಗೆ ರಾಚುವ ಎರಚಲಿನ ಕಾಟವೇ ಜಾಸ್ತಿ. ಅದೂ ಗೋಡೆಯ ಬುಡದಲ್ಲೇ ಕಾಣುತ್ತದೆ, ಅದಕ್ಕೇ ಮೋಸ ಹೋಗುತ್ತೇವೆ.

ಮೊದಲು ಮನೆಯ ನಡುವಿನ ಗೋಡೆ ನೋಡಿ. ಎರಡೂ ಬದಿ ಕೋಣೆ ಇರುವ, ಮಳೆ ಮುಟ್ಟದ ಗೋಡೆ. ಅದರ ಬುಡದಲ್ಲೂ ಉದ್ದಕ್ಕೆ ಒಂದೇ ಎತ್ತರದ ಪಟ್ಟಿಯ ಹಾಗೆ ಪಸೆ ಇದ್ದರೆ ಅದು ನೆಲದಿಂದ ಏರಿದ್ದೇ ಇರಬೇಕು. ನಡುಗೋಡೆ ಒಣಗಿದ್ದು ಪಡುವಣ ದಿಕ್ಕಿನ ಹೊರಗೋಡೆ ಮಾತ್ರ ಒದ್ದೆಯಾದರೆ ಮಳೆ, ಎರಚಲು ಅಥವಾ ಆ ಬದಿಗೆ ಎತ್ತರವಾದ ಅಂಗಳದ ಮೇಲೆ ಸಂಶಯ ಇಡಿ. ಬಚ್ಚಲಿನ ಹಿಂಬದಿಯಲ್ಲಿ ಮಾತ್ರ ಇದ್ದು ಮಾರ್ಚ್‌ನಲ್ಲೂ ಕಡಿಮೆಯಾಗದಿದ್ದರೆ ಪೈಪ್ ಸೋರುತ್ತಿದೆ. ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕಿಗೆ ನೀರು ಬರುವುದನ್ನೂ ನಿಲ್ಲಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಗ್ಗೆ ಇಳಿದಿದ್ದರೆ ಉತ್ತರ ಸಿಕ್ಕಿತು. ಕಪಾಟಿನ ಹಿಂದೆ, ಮೂಲೆಯಲ್ಲಿ, ಕಪ್ಪು ಬೂಸ್ಟು ಹಿಡಿದಿದ್ದರೆ ಅದು ಹೆಚ್ಚಾಗಿ ಗಾಳಿಯ ತೇವ. ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದು ಕಿಟಕಿ ತೆರೆದರೆ ಅರ್ಧ ಕೆಲಸ ಆಯಿತು.

ಸಂಶಯ ಉಳಿದರೆ ಒಂದು ಅಡಿ ಅಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಕೋಣೆಯ ಕಡೆಗಿರುವ ಮೈಯಲ್ಲಿ ಹನಿ ನಿಂತರೆ ಅದು ಗಾಳಿಯದು, ಗೋಡೆಯ ಕಡೆ ನಿಂತರೆ ಗೋಡೆಯದು. ಗೋಡೆಗೆ ನೀರು ಎಲ್ಲಿಂದ ಬಂತು ಎಂದು ಈ ಪರೀಕ್ಷೆ ಹೇಳುವುದಿಲ್ಲ, ಅದು ನೆನಪಿರಲಿ.

ಅದಕ್ಕೆ ಡ್ರಿಲ್ ಬೇಕು. ನೆಲದಿಂದ ಅರ್ಧ ಅಡಿ, ಎರಡು ಅಡಿ, ನಾಲ್ಕು ಅಡಿ ಎತ್ತರದಲ್ಲಿ ಮೂರು ಇಂಚು ಆಳಕ್ಕೆ ನಿಧಾನವಾಗಿ ಕೊರೆಯಿರಿ. ವೇಗ ಜಾಸ್ತಿಯಾದರೆ ಬಿಸಿಗೆ ಹುಡಿ ಅಲ್ಲೇ ಒಣಗುತ್ತದೆ. ಮೊದಲ ಒಂದು ಇಂಚಿನ ಹುಡಿ ಬಿಸಾಡಿ. ಉಳಿದದ್ದನ್ನು ಬೇರೆ ಬೇರೆ ಕುಪ್ಪಿಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ. ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ ತೂಗಿ, 100 ಡಿಗ್ರಿ ಓವನ್‌ನಲ್ಲಿ ತೂಕ ಇನ್ನು ಇಳಿಯುವುದಿಲ್ಲ ಎನ್ನುವವರೆಗೆ ಒಣಗಿಸಿ, ಮತ್ತೆ ತೂಗಿ. 20 ಗ್ರಾಂ ಇದ್ದದ್ದು 18 ಆದರೆ ಹತ್ತರಲ್ಲಿ ಒಂದು ಪಾಲು ನೀರು. ಕೆಂಪುಕಲ್ಲಿನಲ್ಲಿ ಜೇಡಿ ಇರುವ ಕಾರಣ ಒಣ ಗೋಡೆಯಲ್ಲೂ ಸ್ವಲ್ಪ ತೇವ ಇದ್ದೇ ಇರುತ್ತದೆ. ಆದ್ದರಿಂದ ಒಂದೊಂದು ಅಂಕೆಗಿಂತ ಮೂರು ಅಂಕೆಗಳ ಸಾಲನ್ನು ನೋಡಿ. ಬುಡದಲ್ಲಿ ತುಂಬ, ನಡುವೆ ಕಡಿಮೆ, ಮೇಲೆ ತೀರಾ ಕಡಿಮೆ ಎಂದಾದರೆ ನೀರು ಕೆಳಗಿನಿಂದ ಏರುತ್ತಿದೆ. ಎರಡು ಮುಳ್ಳಿನ ಕರೆಂಟ್ ಮೀಟರ್ ಗೋಡೆಗೆ ಚುಚ್ಚಿ ಅಂಕೆ ತೋರಿಸಿ ಹೆದರಿಸುವವರಿದ್ದಾರೆ. ಉಪ್ಪಿದ್ದರೆ ಆ ಮೀಟರ್ ಇಲ್ಲದ ನೀರನ್ನೂ ತೋರಿಸುತ್ತದೆ. ಅದೊಂದನ್ನೇ ನಂಬಿ ಹಣ ಕೊಡಬೇಡಿ.

ಕೊನೆಗೆ, ಪಸೆ ನಿಂತ ಗೆರೆಯ ಮೇಲೆ ಪೆನ್ಸಿಲಿನಲ್ಲಿ ಗೀಟು ಎಳೆದು ತಾರೀಕು ಬರೆಯಿರಿ. ತಿಂಗಳಿಗೊಮ್ಮೆ ಹೀಗೆ ಮಾಡಿ. ಮುಂದೆ ಮಾಡಿದ ಮದ್ದು ಹಿಡಿಯಿತೋ ಇಲ್ಲವೋ ಎಂದು ಹೇಳುವುದು ಈ ಗೀಟುಗಳೇ.

ತುಲಾ ಮಳೆ ಬಿಟ್ಟ ಮೇಲೆ: ಹೊರಗಿನ ಕೆಲಸ

ನವೆಂಬರಿನಲ್ಲಿ ನೆಲ ಸ್ವಲ್ಪ ಒಣಗಿದ ಕೂಡಲೇ ಹೊರಗಿನಿಂದ ಶುರು ಮಾಡಿ. ಹೊಸ ಮನೆಯಾದರೆ ಪಂಚಾಂಗದ, ಅಂದರೆ ಅಡಿಪಾಯದ, ಮೇಲೆ ಕಾಂಕ್ರೀಟಿನ ಬೆಲ್ಟ್ ಇರುತ್ತದೆ. ಸರಿಯಾಗಿ ಹಾಕಿದ್ದರೆ ಅದೇ ನೀರಿಗೆ ತಡೆ. ಹೊರಗಿನ ಮಣ್ಣು ಅಥವಾ ಇಂಟರ್‌ಲಾಕ್ ಆ ತಡೆಗಿಂತ ಕನಿಷ್ಠ 15 ಸೆಂಟಿಮೀಟರ್ ಕೆಳಗಿರಬೇಕು. ಎಷ್ಟೋ ಮನೆಗಳಲ್ಲಿ ತಡೆ ಚೆನ್ನಾಗಿಯೇ ಇದೆ. ಆಮೇಲೆ ಏರಿಸಿದ ಅಂಗಳ, ಗೋಡೆಗೆ ತಾಗಿಸಿ ಮಾಡಿದ ಹೂವಿನ ಕಟ್ಟೆ, ನೆಲದವರೆಗೆ ಎಳೆದ ಸಾರಣೆ, ಇವು ತಡೆಯನ್ನು ದಾಟಲು ನೀರಿಗೆ ಸಂಕ ಹಾಕಿ ಕೊಟ್ಟಿರುತ್ತವೆ. ಆ ಸಂಕ ಕಿತ್ತರೆ ಸಾಕು.

ನಾವು ಮಾಡಿದ್ದು ಹೀಗೆ. ಗೋಡೆಯ ಉದ್ದಕ್ಕೆ ಒಂದೂವರೆ ಅಡಿ ಅಗಲ ಇಂಟರ್‌ಲಾಕ್ ಎಬ್ಬಿಸಿದೆವು. ಒಂದು ಅಡಿ ಆಳಕ್ಕೆ ಕಣಿ ತೆಗೆದು ಜಲ್ಲಿ ತುಂಬಿಸಿದೆವು. ಕಣಿಗೆ ಇಳಿಜಾರು ಕೊಟ್ಟು ತೋಟದ ತೋಡಿಗೆ ಬಿಟ್ಟೆವು. ನೀರು ಹೊರಗೆ ಹೋಗಲು ಬಾಯಿ ಇಲ್ಲದ ಕಣಿ ತೆಗೆದರೆ ಅದು ಗೋಡೆಯ ಬುಡದಲ್ಲಿ ಕೆರೆ ಕಟ್ಟಿದಂತೆ, ಸುಮ್ನೆ ಕೇಡು. ಪಂಚಾಂಗದ ತಳಕ್ಕಿಂತ ಕೆಳಗೆ ಯಾವತ್ತೂ ಅಗೆಯಬೇಡಿ, ಮನೆ ಕೂರುತ್ತದೆ. ಜಲ್ಲಿಯ ಮೇಲೆ ಬಿದ್ದ ನೀರು ಹಾರುವುದಿಲ್ಲವಾದ್ದರಿಂದ ಎರಚಲೂ ಕಡಿಮೆಯಾಯಿತು. ಮಾಡಿಗೆ ದಂಬೆ ಕಟ್ಟಿ ನೀರನ್ನು ದೂರ ಬಿಡಿ. ಅಡಿಕೆ ಮರದ್ದೋ ಪಿವಿಸಿಯೋ, ಯಾವುದಾದರೂ ಆದೀತು.

ಗುಡ್ಡದ ಬುಡದಲ್ಲಿರುವ ಮನೆಗಳದ್ದು ಬೇರೆ ಕಷ್ಟ. ಮಳೆಗಾಲದಲ್ಲಿ ಬರೆಯ (ಗುಡ್ಡ ಕಡಿದ ಬದಿಯ) ಒಳಗಿಂದಲೇ ಒರತೆ ಏಳುತ್ತದೆ. ಅಲ್ಲಿ ಗೋಡೆಗಿಂತ ಮೊದಲು ಬರೆಯ ಕಡೆಗೆ ಕಣಿ ತೆಗೆದು ಆ ನೀರನ್ನು ಮನೆಯ ಎರಡು ಬದಿಗೆ ತಿರುಗಿಸಬೇಕು. ಬರೆ ಜರಿಯುವ ಭಯ ಇದ್ದರೆ ಎಂಜಿನಿಯರನ್ನು ಕರೆಯದೆ ಹಾರೆ ಹಾಕಬೇಡಿ.

ಒಳಗೆ: ಕೆತ್ತಿ, ಒಣಗಲು ಬಿಡಿ

ಪಸೆಯ ಗೆರೆಯಿಂದ ಒಂದು ಅಡಿ ಮೇಲಿನವರೆಗೆ ಹಳೆಯ ಸಾರಣೆಯನ್ನು ಪೂರ್ತಿ ಕೆತ್ತಿ ತೆಗೆಯಿರಿ. ಕೆಲಸಕ್ಕೆ ಮೊದಲು ಆ ಗೋಡೆಯ ಸ್ವಿಚ್ ಬೋರ್ಡಿನ ಕರೆಂಟ್ ಆಫ್ ಮಾಡಿಸಿ. ದಾರಂದದ (ಬಾಗಿಲ ಚೌಕಟ್ಟಿನ) ಬುಡ ಚುಚ್ಚಿ ನೋಡಿ, ಒರಲೆ ಹಿಡಿದಿದ್ದರೆ ಈಗಲೇ ಗೊತ್ತಾಗುತ್ತದೆ. ಕೆತ್ತಿದ ಸಾರಣೆಯಲ್ಲಿ ಉಪ್ಪಿರುತ್ತದೆ, ಅದನ್ನು ಗೋಡೆಯ ಬದಿಗೆ ಸುರಿಯಬೇಡಿ. ಬಿಳಿ ಹುಡಿಯನ್ನು ಒಣ ಬ್ರಷ್‌ನಲ್ಲೇ ಗುಡಿಸಿ ತೆಗೆಯಿರಿ. ನೀರಿನಲ್ಲಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ.

ಇನ್ನು ಕಾಯಬೇಕು. ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಎಂಬುದು ಅಂದಾಜು ಲೆಕ್ಕ. ಒಂಬತ್ತು ಇಂಚಿನ ಗೋಡೆಗೆ ಒಂಬತ್ತು ತಿಂಗಳು. ನಮ್ಮಲ್ಲಿ ಒಣ ಕಾಲ ಇರುವುದೇ ಐದಾರು ತಿಂಗಳು, ಅಲ್ವಾ? ಹಾಗಾಗಿ ಎರಡು ಬೇಸಿಗೆ ಬೇಕಾದರೂ ಬೇಕಾದೀತು. ನಾವು ಒಂದು ಪೂರ್ತಿ ಮಳೆಗಾಲ ಚಾವಡಿಯ ಕಲ್ಲನ್ನು ಬರಿದಾಗಿಯೇ ಬಿಟ್ಟೆವು. ಮನೆಯಲ್ಲಿ ಒಂದು ಪೂಜೆಯೂ ಹಾಗೆಯೇ ಕಳೆಯಿತು. ನೋಡಲು ಚಂದ ಇರಲಿಲ್ಲ, ಆದರೆ ಆ ಆಟಿಯಲ್ಲಿ ಗೀಟು ಒಂದೂವರೆ ಅಡಿ ಕೆಳಗಿತ್ತು.

ಇಂಜೆಕ್ಷನ್ ಬೇಕೇ?

ಹೊರಗಿನ ಕೆಲಸ ಎಲ್ಲ ಮಾಡಿ, ಒಂದು ಮಳೆಗಾಲ ನೋಡಿ, ಆಮೇಲೂ ನಡುಗೋಡೆಯಲ್ಲಿ ಪಸೆ ಏರುತ್ತಿದ್ದರೆ ಮಾತ್ರ ಇದರ ಮಾತು. ಹೊರಗಿನ ನೆಲದಿಂದ ಸುಮಾರು 15 ಸೆಂಟಿಮೀಟರ್ ಮೇಲೆ, ಕಲ್ಲಿನ ನಡುವಿನ ಗಾರೆಯ ಸಾಲಿನಲ್ಲಿ, 12 ಸೆಂಟಿಮೀಟರಿಗೆ ಒಂದರಂತೆ 12 ಮಿಲಿಮೀಟರಿನ ತೂತು ಕೊರೆದು ಸಿಲೇನ್ ಕ್ರೀಮ್ ತುಂಬಿಸುತ್ತಾರೆ. ಅದು ಹರಡಿ ರಂಧ್ರಗಳ ಒಳಮೈ ನೀರನ್ನು ಹಿಡಿಯದಂತೆ ಮಾಡುತ್ತದೆ. ಕೆಂಪುಕಲ್ಲಿಗೆ ತೆಳುವಾದ ದ್ರಾವಣಕ್ಕಿಂತ ಕ್ರೀಮ್ ವಾಸಿ, ಏಕೆಂದರೆ ದ್ರಾವಣ ಕಲ್ಲಿನ ದೊಡ್ಡ ತೂತುಗಳಲ್ಲಿ ಸೋರಿ ಹೋಗುತ್ತದೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಅಜ್ಜನ ಕಾಲದ ಗೋಡೆಗೆ ನಾನು ಇದನ್ನು ಹೇಳುವುದಿಲ್ಲ. ಆ ಗೋಡೆಗಳಿಗೆ ಎತ್ತರದ ಜಗಲಿ, ಅಗಲದ ಮಾಡು, ಸುಣ್ಣದ ಸಾರಣೆ, ಇವೇ ಕಾವಲು. ಇದ್ದದ್ದನ್ನು ಕೆಡವದೆ ಉಳಿಸಿಕೊಳ್ಳಿ.

ಪತ್ತನಾಜೆಗೆ ಮುಂಚೆ: ಸುಣ್ಣ

ಗೋಡೆ ಒಣಗಿದ ಬೇಸಿಗೆಯಲ್ಲಿ ಹೊಸ ಸಾರಣೆ. ಒಂದು ಪಾಲು ನೆನೆಸಿಟ್ಟ ಸುಣ್ಣಕ್ಕೆ ಮೂರು ಪಾಲು ಮರಳು. ಅಳಿವೆ ಬಾಗಿಲಿನ ಮರಳು ಬೇಡವೇ ಬೇಡ, ಅದರಲ್ಲಿ ಉಪ್ಪಿರುತ್ತದೆ. ಒಂದು ಸಲಕ್ಕೆ ಒಂದು ಸೆಂಟಿಮೀಟರಿಗಿಂತ ದಪ್ಪ ಹಾಕಬೇಡಿ. ಬಿಸಿಲು ತಾಗದಂತೆ ನೋಡಿಕೊಂಡು ಕೆಲವು ದಿನ ನೀರು ಚಿಮುಕಿಸಿ, ಆಮೇಲೆ ಎರಡನೆಯ ಸಲ ಹಾಕಿ. ಚಿಪ್ಪಿನ ಸುಣ್ಣ ಸಿಕ್ಕಿದರೆ ಒಳ್ಳೆಯದು. ಸುಟ್ಟ ಸುಣ್ಣಕ್ಕೆ ನೀರು ಹಾಕುವಾಗ ಅದು ಕುದಿಯುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋದೀತು. ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಜಿಪ್ಸಂ ಬೇಡ, ಅದು ಪಸೆಗೆ ಮೆತ್ತಗಾಗುತ್ತದೆ. ಮೇಲೆ ಮೂರು ಸಲ ತೆಳುವಾಗಿ ಸುಣ್ಣ ಬಳಿಯಿರಿ.

ಸುಣ್ಣದ ಕೆಲಸ ತಿಳಿದ ಮೇಸ್ತ್ರಿಗಳು ಈಗ ಕಡಿಮೆ. ಸಿಕ್ಕಿದರೆ ಎರಡು ದಿನ ಕಾದಾದರೂ ಅವರನ್ನೇ ಕರೆಸಿ. ಪತ್ತನಾಜೆ ಬರುವುದು ಮೇ 24ರ ಹೊತ್ತಿಗೆ. ಅಷ್ಟರೊಳಗೆ ಕೆಲಸ ಮುಗಿದು ಎರಡು ವಾರವಾದರೂ ಆಗಿರಲಿ, ಮಳೆ ಹಿಡಿಯುವ ಮೊದಲು ಸುಣ್ಣ ಗಟ್ಟಿಯಾಗಲು ಸಮಯ ಬೇಕು. ಸುಣ್ಣ ಬಳಿಯುವಾಗ ಪೆನ್ಸಿಲಿನ ಗೀಟುಗಳು ಅಳಿಸಿ ಹೋಗುತ್ತವೆ. ಅದಕ್ಕೆ ಮುಂಚೆ ಅವುಗಳ ಎತ್ತರ ಅಳೆದು ತಾರೀಕಿನ ಸಮೇತ ಒಂದು ಪುಸ್ತಕದಲ್ಲಿ ಬರೆದಿಡಿ, ಮುಂದಿನ ಆಟಿಯಲ್ಲಿ ಬೇಕಾಗುತ್ತದೆ.